ಮೊದಲು ನೋಡಿದವರು

ಆಗಸ್ಟ್ 3, ಭಾನುವಾರ. ಮೋಟೆಲ್. ಬೆಳಿಗ್ಗೆ 6.40

ಒಗೆದ ಶರ್ಟು ಎರಡು ಉಳಿದಿವೆ. ಕಾಫಿ ನೀರಿನ ಹಾಗೆ. ನಿನ್ನೆ ಮೂರು ಊರು, ಮೂರು ಪಂದ್ಯ. ಮೊದಲ ಎರಡರಲ್ಲಿ ಬರೆಯುವಂಥದ್ದೇನೂ ಇಲ್ಲ.

ಮೂರನೆಯದಕ್ಕೆ ಹೋದದ್ದು ಆರಿನ್ ಸ್ಟಕ್ಕಿಯ ಒತ್ತಾಯಕ್ಕೆ. ನೆಬ್ರಾಸ್ಕ, ಕಾನ್ಸಸ್, ಎರಡು ಡಕೋಟಗಳು ಅವನ ಸೀಮೆ. ಮೂವತ್ತೊಂದು ವರ್ಷದಿಂದ ನಮ್ಮ ಬೇಸ್‌ಬಾಲ್ ಕ್ಲಬ್ಬಿಗೆ ಹುಡುಗರನ್ನು ಹುಡುಕುತ್ತಿದ್ದಾನೆ. ನನಗೆ ಈ ಕೆಲಸ ಕಲಿಸಿದವನೇ ಅವನು. ಈಗ ನಾನು ಸ್ಕೌಟಿಂಗ್ ಡೈರೆಕ್ಟರ್, ಅವನು ನನ್ನ ಕೈಕೆಳಗೆ. ಇಬ್ಬರೂ ಆ ಮಾತು ಎತ್ತುವುದಿಲ್ಲ.

ಮೈದಾನದ ಎಡಬದಿಯಲ್ಲಿ, ಊರಿನ ಅಜ್ಜಿಯರ ಮಡಚುವ ಕುರ್ಚಿಗಳ ಸಾಲಿನಲ್ಲಿ ಕೂತಿದ್ದ. ಮಡಿಲಲ್ಲಿ ಎಲೆಕೋಸು, ಮಾಂಸ ತುಂಬಿದ ಬನ್ನು, ಕಾಲ ಬಳಿ ಐಸು ತುಂಬಿದ ಕೂಲರ್ ಪೆಟ್ಟಿಗೆ. ಚೆಂಡಿನ ವೇಗ ಅಳೆಯುವ ಗನ್ ಕಾಣಲಿಲ್ಲ.

"ಗನ್ ಎಲ್ಲಿ?"

"ಕೂಲರ್‌ನಲ್ಲಿ. ಸೋಡಾ ಕೆಳಗೆ."

"ಅಷ್ಟು ಚೆನ್ನಾಗಿದಾನಾ?"

"ನೀನೂ ಜೇಬಿಂದ ಕೈ ತೆಗೀಬೇಡ. ಆ ನೀಲಿ ಟೋಪಿಯವನು ಬೇರೆ ಕ್ಲಬ್ಬಿನೋನು, ನಮ್ಮನ್ನೇ ನೋಡ್ತಿದಾನೆ. ಅಜ್ಜೀರ ಜೊತೆ ಟೊಮೇಟೊ ವಿಚಾರ ಮಾತಾಡು."

ಹಳೆಯ ಪದ್ಧತಿ ಅವನದು. ಬೇಡದ ಹುಡುಗನಿಗೆ ಎಲ್ಲರಿಗೂ ಕಾಣುವಂತೆ ಗನ್ ಎತ್ತಿ ಹಿಡಿಯುತ್ತಾನೆ. ಬೇಕಾದವನಿಗೆ ತೆಗೆಯುವುದೇ ಇಲ್ಲ.

ಹುಡುಗ — ▇▇▇▇▇▇▇ — ಎಡಗೈ ಪಿಚರ್. ಹದಿನೇಳು ವರ್ಷ. ಎಸೆಯುವ ಕೈ ಕೊನೆಯ ಕ್ಷಣದವರೆಗೂ ಭುಜದ ಹಿಂದೆಯೇ ಇರುತ್ತದೆ, ಬ್ಯಾಟು ಹಿಡಿದವನಿಗೆ ಚೆಂಡು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಕ್ಯಾಚರ್‌ನ ಗ್ಲೌಸಿಗೆ ಬೀಳುವ ಸದ್ದೇ ಬೇರೆ. ಮುಂದಿನ ಜುಲೈನ ಡ್ರಾಫ್ಟಿಗೆ ಬರುತ್ತಾನೆ. ಆ ದಿನ ಕ್ಲಬ್ಬುಗಳು ಸರದಿಯ ಮೇಲೆ ಒಬ್ಬೊಬ್ಬನ ಹೆಸರು ಕೂಗುವವರೆಗೆ ಇವನು ಬೇರೆ ಯಾರ ಕಣ್ಣಿಗೂ ಬೀಳಬಾರದು.

ಪಂದ್ಯ ಮುಗಿದ ಮೇಲೆ ಕಾರಿನ ಬಾನೆಟ್ ಮೇಲಿಟ್ಟು ಫಾರಂ ತುಂಬಿದ. ಮೊದಲ ಖಾನೆ 'ಮೊದಲು ನೋಡಿದವರು'. ಅಲ್ಲಿ ತನ್ನ ಹೆಸರನ್ನು ನಿಧಾನವಾಗಿ, ಅಕ್ಷರ ಬಿಡಿಸಿ ಬರೆದ. ಇಷ್ಟು ವರ್ಷದಲ್ಲಿ ಅವನ ಹೆಸರಿರುವ ಒಬ್ಬ ಹುಡುಗನೂ ದೊಡ್ಡ ಲೀಗ್ ಮುಟ್ಟಿಲ್ಲ. ಒಬ್ಬ ಹತ್ತಿರ ಹೋಗಿದ್ದ. ಮೊಣಕೈ ಹೋಯಿತು.

"ಇವನು ಮುಟ್ತಾನೆ ಕಣೋ," ಅಂದ. ಅಷ್ಟೇ.

ಸೆಪ್ಟೆಂಬರ್ 18, ಗುರುವಾರ

ಬೇರೆ ಕ್ಲಬ್ಬಿನಿಂದ ಫೋನು. ಅದೇ ಹುದ್ದೆ. ಆದರೆ ಡ್ರಾಫ್ಟ್ ಬೋರ್ಡಿನ ಮುಂದೆ ಕೊನೆಯ ಮಾತು ನನ್ನದೇ. ಇಲ್ಲಿ ಹಾಗಿಲ್ಲ. ಕಂಪ್ಯೂಟರಿನವರು ಬಂದು ಅಂಕಿ ತೋರಿಸಿದ ಮೇಲೆ ನನ್ನ ಪಟ್ಟಿ ಕೆಳಗೆ ಇಳಿಯುತ್ತದೆ. ಹೋದ ವರ್ಷ ನಾನು ಬೇಡ ಅಂದ ಇಬ್ಬರನ್ನು ತೆಗೆದುಕೊಂಡರು.

ಹೆಂಡತಿ ಮಾರ್ಜೀನ್ ಪಾತ್ರೆ ಒರೆಸುತ್ತ ಕೇಳಿಸಿಕೊಂಡಳು.

"ವರ್ಷಕ್ಕೆ ಇನ್ನೂರು ದಿನ ನೀನು ಇಲ್ಲೂ ಇರಲ್ಲ. ಅಲ್ಲಿಗೆ ಹೋದ್ರೆ ಅಲ್ಲೂ ಇರಲ್ಲ. ನನಗೇನು, ಕಿಟಕಿ ಬೇರೆ ಆಗುತ್ತೆ ಅಷ್ಟೇ."

"ಬೇಡ ಅಂತೀಯಾ?"

"ಕಿಟಕಿ ದೊಡ್ಡದಿರಲಿ ಅಂತೀನಿ."

ಅಕ್ಟೋಬರ್ 9

ಆರಿನ್‌ಗೆ ಹೇಳಿದೆ. ಹೈವೇ ಬದಿಯ ಹೋಟೆಲಿನಲ್ಲಿ. ಮೊಟ್ಟೆಯ ಮೇಲೆ ಮೆಣಸಿನ ಪುಡಿ ಉದುರಿಸುತ್ತಿದ್ದ, ನಿಲ್ಲಿಸಲಿಲ್ಲ.

"ಹೋಗು. ನಾನಾಗಿದ್ರೂ ಹೋಗ್ತಿದ್ದೆ. ನನ್ನನ್ಯಾರೂ ಕರೀಲಿಲ್ಲ, ಅದೊಂದೇ ವ್ಯತ್ಯಾಸ."

ಸ್ವಲ್ಪ ಹೊತ್ತಿನ ಮೇಲೆ: "ಆ ಹುಡುಗನ್ನ ಇಲ್ಲೇ ಬಿಟ್ಟು ಹೋಗು."

"ಬಿಟ್ಟೇ ಹೋಗ್ತೀನಿ."

"ತಲೆಯಿಂದಾನೂ."

"ತಲೆಯಿಂದಾನೂ."

"ಆಮೇಲೆ ಬಿಲ್ ನೀನೇ ಕೊಡು. ಇನ್ನೂ ಬಾಸ್ ಅಲ್ವಾ."

ಅಕ್ಟೋಬರ್ 14, ಮಂಗಳವಾರ. ಸಂಜೆ 5

ಕೊನೆಯ ದಿನ. ಲ್ಯಾಪ್‌ಟಾಪ್, ಫೋನು, ಹತ್ತೊಂಬತ್ತು ವರ್ಷದ ನೋಟ್‌ಪುಸ್ತಕಗಳು — ಎಲ್ಲ ಮೇಜಿನ ಮೇಲಿಟ್ಟೆ. ಕ್ಲಬ್ಬಿನ ವಕೀಲ ಎಣಿಸಿಕೊಂಡ. 'ಆಟಗಾರರ ಬಗ್ಗೆ ಬರೆದದ್ದು ಯಾವುದೂ ನನ್ನ ಬಳಿ ಉಳಿದಿಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದೆ.

"ತಲೆ ಮಾತ್ರ ತಗೊಂಡು ಹೋಗಬಹುದು, ಲೈಲ್. ಅದಕ್ಕೆ ಕಾನೂನಿಲ್ಲ," ಅಂತ ನಕ್ಕ.

ಮನೆಗೆ ಬಂದ ಮೇಲೆ ನೆನಪಾಯಿತು. ಈ ಡೈರಿ. ಆಗಸ್ಟ್ ಮೂರರ ಪುಟ. ಹುಡುಗನ ಹೆಸರಿನ ಮೇಲೆ ಮಸಿ ಬಳಿದೆ. ಪುಟ ಹರಿಯಲಿಲ್ಲ. ಯಾಕೆ ಅಂತ ಗೊತ್ತಿಲ್ಲ.

ನವೆಂಬರ್ 20

ಡಬ್ಬಗಳು ಇನ್ನೂ ಬಿಚ್ಚಿಲ್ಲ. ಕಿಟಕಿ ದೊಡ್ಡದೇ. ಅದರಿಂದ ಪಕ್ಕದ ಮನೆಯ ಗ್ಯಾರೇಜು ಕಾಣುತ್ತದೆ.

ಜನವರಿ 21, ಬುಧವಾರ

ಹೊಸ ಕ್ಲಬ್ಬಿನ ಚಳಿಗಾಲದ ಸಭೆ. ಎಲ್ಲ ಸೀಮೆಯ ಸ್ಕೌಟುಗಳೂ ಬಂದಿದ್ದರು. ಆರಿನ್ ಓಡಾಡುವ ಸೀಮೆಗೆ ಇಲ್ಲಿ ಡೆಲ್ಫೀನ್ ಆಖ್ಟರ್‌ಬರ್ಗ್ ಎಂಬ ಹುಡುಗಿ. ಇಪ್ಪತ್ತೊಂಬತ್ತು ವಯಸ್ಸು, ಮೊದಲ ವರ್ಷ. ಮಾತಿಗಿಂತ ಬರವಣಿಗೆ ಜಾಸ್ತಿ. ನಲವತ್ತಮೂರು ಹೆಸರಿನ ಪಟ್ಟಿ ಓದಿದಳು. ಹೆಚ್ಚಿನವರನ್ನು ಅವಳು ಇನ್ನೂ ನೋಡಿಲ್ಲ. ಶಾಲೆಯ ಕೋಚುಗಳು ಕಳಿಸಿದ ಹೆಸರುಗಳು.

ಪ್ರತಿಯೊಂದಕ್ಕೂ ಒಂದು ಮಾತು ಹೇಳುತ್ತ ಹೋದೆ. ಎಲ್ಲರಿಗೂ ಗೊತ್ತಿರುವಂಥದ್ದು, ನಾನು ಸಹಿ ಹಾಕಿದ ಕಾಗದವನ್ನು ಮುರಿಯದಂಥದ್ದು. ಇಪ್ಪತ್ತೇಳನೆಯ ಹೆಸರು ಆರಿನ್‌ನ ಆ ಎಡಗೈ ಹುಡುಗನದು. ಅದು ಬರುತ್ತಿರುವುದು ಕಂಡಿತು. ಕಾಫಿಗೆಂದು ಎದ್ದು ಹೋದೆ. ವಾಪಸು ಬಂದಾಗ ಮೂವತ್ತನೆಯದು ನಡೆದಿತ್ತು.

ಹೇಳಲಿಲ್ಲ, ಸುಳ್ಳೂ ಆಡಲಿಲ್ಲ. ಚೆನ್ನಾಗಿ ನಿಭಾಯಿಸಿದೆ ಅನ್ನಿಸಿತು.

ಏಪ್ರಿಲ್ 18, ಶನಿವಾರ. ಮಧ್ಯಾಹ್ನ 2.15, ವಿಮಾನ ನಿಲ್ದಾಣ

ಡೆಲ್ಫೀನ್ ಫೋನು. ಹಿಂದೆ ಗಾಳಿಯ ಸದ್ದು.

"ಲೈಲ್, ಒಬ್ಬ ಎಡಗೈನವನು ಸಿಕ್ಕಿದಾನೆ. ಡ್ರಾಫ್ಟಿನ ನಾಲ್ಕನೇ ಸುತ್ತಿಗೆ ಬರೀತೀನಿ. ನೀವು ಬಂದು ನೋಡಬೇಕು."

ಊರಿನ ಹೆಸರು ಹೇಳಿದಳು. ಆಗಸ್ಟಿನಲ್ಲಿ ಆರಿನ್ ಜೊತೆ ಕೂತಿದ್ದ ಅದೇ ಊರು.

"ಅಲ್ಲಿಗೆ ಹೇಗೆ ಹೋದೆ?"

"ನೀವೇ ಕಳಿಸಿದ್ರಲ್ಲ."

"ನಾನಾ?"

"ಜನವರೀಲಿ ಎಲ್ಲಾ ಹೆಸರಿಗೂ ನೀವು ಏನಾದ್ರೂ ಅಂದ್ರಿ. ಒಬ್ಬ ದಪ್ಪ ಅಂದ್ರಿ. ಒಬ್ಬನ ಅಪ್ಪ ಕಿರಿಕಿರಿ ಅಂದ್ರಿ. ಮೂರು ಹೆಸರಿಗೆ ಮಾತ್ರ ಕಾಫಿ ತರೋಕೆ ಹೋದ್ರಿ. ನಿಮ್ಮ ಕಪ್ಪು ತುಂಬಿತ್ತು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಮೂರು ಜನಾನೂ ನೋಡ್ಕೊಂಡು ಬಂದೆ. ಇಬ್ಬರು ಏನಿಲ್ಲ. ಹೋದ ವರ್ಷ ಇವನನ್ನ ನೋಡಿದ್ರಾ?"

"ಅದನ್ನ ಕೇಳಬೇಡ."

"ಸರಿ. ಉತ್ತರ ಸಿಕ್ತು."

ಕಪ್ಪು ತುಂಬಿತ್ತು. ಇಪ್ಪತ್ತು ವರ್ಷ ಬೇರೆಯವರ ಮುಖ ಓದುವುದೇ ಕೆಲಸ ಮಾಡಿಕೊಂಡವನು, ನನ್ನ ಕಪ್ಪು ನೋಡಿಕೊಳ್ಳಲಿಲ್ಲ.

ನೋಡಲು ಬರುವುದಿಲ್ಲ ಅಂದೆ. ಬೇರೆ ಹಿರಿಯ ಸ್ಕೌಟನ್ನು ಕಳಿಸುತ್ತೇನೆ. ನಿಯಮದ ಪ್ರಕಾರ ಅವಳ ಕೆಲಸ ಶುದ್ಧ. ಅವಳ ರಿಪೋರ್ಟು ಅವಳದು.

ಮೇ 9, ಶನಿವಾರ

ಆರಿನ್. ಏಳು ತಿಂಗಳಲ್ಲಿ ಮೊದಲ ಫೋನು.

"ಅಜ್ಜೀರ ಸಾಲಿಗೆ ಹೊಸಾ ಅಜ್ಜಿ ಬಂದಿದಾಳೆ. ಮೂವತ್ತೂ ಆಗಿಲ್ಲ. ಗನ್ ಇಲ್ಲ, ಕೂಲರ್ ಇದೆ."

"ನಾನು ಅವಳಿಗೆ ಏನೂ ಹೇಳಿಲ್ಲ, ಆರಿನ್."

"ಗೊತ್ತು. ಬಾಯಿ ಮುಚ್ಕೊಂಡು ಹೇಳೋದನ್ನ ನಿನಗೆ ಕಲಿಸಿದವನೇ ನಾನು."

ನಗಲಿಲ್ಲ. ನಾನೂ ನಗಲಿಲ್ಲ.

ತನ್ನ ಸುದ್ದಿ ಹೇಳಿದ. ನನ್ನ ಜಾಗಕ್ಕೆ ಬಂದ ಹೊಸ ಡೈರೆಕ್ಟರು ನೇರವಾಗಿಯೇ ತಿಳಿಸಿದ್ದಾನಂತೆ: ಈ ಡ್ರಾಫ್ಟಿನಲ್ಲಿ ಆರಿನ್ ಬರೆದ ಹುಡುಗ ಒಬ್ಬನಾದರೂ ಬರದಿದ್ದರೆ ಕಾರಿನ ಕೀಲಿ ಒಪ್ಪಿಸಬೇಕು.

"ಇವನನ್ನ ನಾಲ್ಕರಲ್ಲಿ ತಗೊಳ್ಳೋಣ ಅಂದಿದಾರೆ. ಇದನ್ನ ನಾನು ಹೇಳಿಲ್ಲ, ನೀನು ಕೇಳಿಲ್ಲ."

"ಕೇಳಿಲ್ಲ."

"ಅಜ್ಜೀರು ಅವಳಿಗೆ ಚೆರ್ರಿ ಪೈ ಕೊಟ್ರು ಕಣೋ. ನಾನು ಇಷ್ಟು ವರ್ಷ ಬನ್ನು ಮನೆಯಿಂದ ತಗೊಂಡು ಹೋಗ್ತಿದೀನಿ."

ಇಟ್ಟುಬಿಟ್ಟ.

ಜುಲೈ 11, ಶನಿವಾರ

ನಾಳೆ ಡ್ರಾಫ್ಟ್. ಬೋರ್ಡಿನ ಮೇಲೆ ಆರುನೂರು ಹೆಸರಿನ ಚೀಟಿಗಳು, ಅಯಸ್ಕಾಂತದಿಂದ ಅಂಟಿಸಿದವು. ಅವನದು ನಾಲ್ಕನೆಯ ಸುತ್ತಿನ ಸಾಲಿನಲ್ಲಿ, ಮೇಲಿಂದ ಎರಡನೆಯದು. ಇಟ್ಟವಳು ಡೆಲ್ಫೀನ್. ನಾನು ಮುಟ್ಟಿಲ್ಲ.

ಪ್ರತಿ ಸುತ್ತಿನಲ್ಲೂ ನಮ್ಮ ಸರದಿ ಮೊದಲು. ಹಳೆಯ ಕ್ಲಬ್ಬಿನದು ಐದು ಹೆಸರು ಆದ ಮೇಲೆ.

ಜುಲೈ 13, ಸೋಮವಾರ. ಸಂಜೆ 6.30

ಡ್ರಾಫ್ಟಿನ ಎರಡನೆಯ ದಿನ. ನಾಲ್ಕನೆಯ ಸುತ್ತು. ಮೇಲಿದ್ದ ಹೆಸರನ್ನು ಬೇರೆಯವರು ಆಗಲೇ ತೆಗೆದುಕೊಂಡಿದ್ದರು. ನಮ್ಮ ಸರದಿ ಬಂದಾಗ ಅವನೇ ಮೊದಲು. ಕೋಣೆಯಲ್ಲಿ ಹದಿನಾಲ್ಕು ಜನ, ಎಲ್ಲರೂ ನನ್ನ ಕಡೆ ನೋಡಿದರು.

"ಕ್ಯಾಚರ್ ಒಬ್ಬನನ್ನ ತಗೊಳ್ಳೋಣ. ಎಡಗೈನವನು ಇನ್ನೊಂದು ಸುತ್ತು ಇರ್ತಾನೆ," ಅಂದೆ.

"ಇರಲ್ಲ," ಅಂದಳು ಡೆಲ್ಫೀನ್. ಸಭೆಯಲ್ಲಿ ಯಾರೂ ಕೇಳದೆ ಅವಳು ಮಾತಾಡಿದ್ದು ಇದೇ ಮೊದಲು.

"ಇರ್ತಾನೆ."

"ಆ ಕೂಲರ್ ಮುದುಕ ಅವನ ಒಂದು ಪಂದ್ಯಾನೂ ಬಿಟ್ಟಿಲ್ಲ, ಲೈಲ್."

ಕೊನೆಯ ಮಾತು ನನ್ನದು. ಅದಕ್ಕೇ ಅಲ್ಲವೆ ಇಲ್ಲಿಗೆ ಬಂದದ್ದು. ಕ್ಯಾಚರ್ ಹೆಸರು ಕೂಗಿದೆವು.

ಆಮೇಲೆ ಐದು ಹೆಸರು. ಒಂದೊಂದೇ ಎಣಿಸಿದೆ. ಹಳೆಯ ಕ್ಲಬ್ಬಿನ ಸರದಿ ಬಂತು. ಅವರು ಕಾಲೇಜಿನ ಒಬ್ಬ ಇನ್‌ಫೀಲ್ಡರ್ ಹೆಸರು ಹೇಳಿದರು. ಅಂಕಿ ಚೆನ್ನಾಗಿರುವ ಹುಡುಗ.

ಕೋಣೆಯಲ್ಲಿ ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಡೆಲ್ಫೀನ್ ಮಾತ್ರ ಬೋರ್ಡು ಬಿಟ್ಟು ನನ್ನನ್ನು ನೋಡುತ್ತಿದ್ದಳು.

ಐದನೆಯ ಸುತ್ತಿನಲ್ಲಿ ನಾನೇ ಹೆಸರು ಹೇಳಿದೆ. ಇನ್ನು ಇಲ್ಲಿ ಬರೆಯಬಹುದು. ರೀಸ್ ವೊಂಡ್ರಾಚೆಕ್.

ಸಂಬಳ ಕೊಡುವವರಿಗೆ ಒಂದು ಸುತ್ತಿನಷ್ಟು ದ್ರೋಹ ಮಾಡಿದೆ. ಅದು ಯಾರ ಉಪಯೋಗಕ್ಕೂ ಬರಲಿಲ್ಲ.

ನಾಲ್ಕೂವರೆಗೆ ಆರಿನ್ ಫೋನು. ಕಾರಿಡಾರಿಗೆ ಹೋಗಿ ಎತ್ತಿದೆ.

"'ಇನ್ನೊಂದು ಸುತ್ತು ಇರ್ತಾನೆ' ಅಂದ್ರು ನಮ್ಮೋರು. ನಾನು ಇರಲ್ಲ ಅಂದೆ. ಮುದುಕನ ಮಾತು."

"ಹ್ಞೂಂ."

"ಒಂದು ಅರ್ಥ ಆಗ್ಲಿಲ್ಲ. ನಾಲ್ಕರಲ್ಲಿ ನಿಮ್ಮ ಸರದಿ ಮೊದಲಿತ್ತು. ಯಾಕೆ ತಗೊಳ್ಳಲಿಲ್ಲ?"

ನಾನು ಏನೂ ಹೇಳಲಿಲ್ಲ.

"ಮೂರ್ಖ ಕಣೋ ನೀನು," ಅಂದ. ಮೆತ್ತಗೆ.

ಆಮೇಲೆ, ಬೇರೆ ದನಿಯಲ್ಲಿ: "ಆ ಹುಡುಗಿಗೆ ಹೇಳು. ಸಹಿ ಹಾಕಿಸೋಕೆ ಹೋದಾಗ ಅವನ ತಾಯಿ ಊಟಕ್ಕೆ ಕೂರಿಸ್ತಾಳೆ. ಬೇಡ ಅನ್ನಬಾರದು. ಎರಡನೇ ಸಲ ಬಡಿಸಿದ್ರೂ. ಮತ್ತೆ ಹುಡುಗ ಕಣ್ಣು ಎತ್ತಿ ಮಾತಾಡಲ್ಲ, ಅದನ್ನ ಜಂಬ ಅಂತ ಬರ್ಕೋಬಾರದು."

"ಹೇಳ್ತೀನಿ. ಕಾರಿನ ಕೀಲಿ?"

"ಶುಕ್ರವಾರ ಬಾ ಅಂದಿದಾರೆ. ಕೂಲರ್ ನನ್ನದೇ. ಅದನ್ನ ಕೊಡಲ್ಲ."

ಜುಲೈ 17, ಶುಕ್ರವಾರ. ಮಧ್ಯಾಹ್ನ 3.20, ಆಫೀಸು

ಡೆಲ್ಫೀನ್ ನೆಬ್ರಾಸ್ಕದಿಂದ ಬಂದಳು. ಸಹಿಯಾದ ಕಾಗದಗಳು, ಜೊತೆಗೆ ಹುಡುಗನ ತಾಯಿ ಕಟ್ಟಿಕೊಟ್ಟ ಪೈ. ಎರಡು ಸಲ ಬಡಿಸಿಕೊಂಡಳಂತೆ.

ಫಾರಂ ಎಲ್ಲ ತುಂಬಿದ್ದಾಳೆ. ಮೊದಲ ಖಾನೆ ಮಾತ್ರ ಖಾಲಿ. ಇಲ್ಲಿಯ ಫಾರಂನಲ್ಲೂ ಅದೇ ಮಾತು.

"ಇದೊಂದು ನೀವು ತುಂಬಿ."

"ನಿನ್ನ ಸೀಮೆ, ನಿನ್ನ ರಿಪೋರ್ಟು. ನಿನ್ನ ಹೆಸರು ಬರೀಬೇಕು."

"ಬರೀತಿದ್ದೆ. ಅವನ ತಾಯಿ ಕೇಳಿದ್ರು — ಕೂಲರ್ ತರ್ತಿದ್ದ ಯಜಮಾನರು ಬರಲಿಲ್ವಾ ಅಂತ. ಅವರಿಗೂ ಸೇರಿಸಿ ತಟ್ಟೆ ಇಟ್ಟಿದ್ರು. ಆಮೇಲೆ ಕೈ ಬರಲಿಲ್ಲ."

ಹೊರಗೆ ಹೋಗಿ ನಿಂತಿದ್ದಾಳೆ. ನಾಲ್ಕಕ್ಕೆ ಕಳಿಸಬೇಕು.

ಅವಳ ಹೆಸರು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಅವಳು ಅಲ್ಲಿಗೆ ಹೋದಳು, ನೋಡಿದಳು, ಬರೆದಳು. ಆರಿನ್ ಹೆಸರು ಬರೆದರೆ ನನಗೆ ಮೊದಲೇ ಗೊತ್ತಿತ್ತು ಎಂದು ಬರೆದುಕೊಟ್ಟ ಹಾಗೆ. ಎರಡೂ ಕ್ಲಬ್ಬಿನ ವಕೀಲರು ಬರುತ್ತಾರೆ. ಅದರಿಂದ ಆರಿನ್‌ಗೆ ಕಾರು ವಾಪಸು ಬರುವುದಿಲ್ಲ. ಬೇರೆ ಕ್ಲಬ್ಬಿನವನ ಹೆಸರು ಈ ಖಾನೆಯಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಆಗಸ್ಟ್ ಮೂರರ ಪುಟ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದರೆ ಮಸಿಯ ಕೆಳಗೆ ಅಕ್ಷರಗಳು ಕಾಣುತ್ತವೆ. ಪೂರ್ತಿ ಅಳಿದಿರಲೇ ಇಲ್ಲ.

ಅವಳು ಬಾಗಿಲು ತಟ್ಟಿದಳು. ಒಂದು ನಿಮಿಷ ಅಂದೆ. ಪೆನ್ನಿನ ಮುಚ್ಚಳ ತೆಗೆದಿದ್ದೇನೆ.

ಮೊದಲು ನೋಡಿದವರು: