ನಿನ್ನ ಎಡೆಗೆ ಹಸಿರು ಚಹಾದ ಬಿಸ್ಕೀಟು

ಗೆಳತಿ ಸುಮಿತ್ರಾ,

ತೀರಿಕೊಂಡವರಿಗೆ ಸಿಟ್ಟಿನಲ್ಲಿ ಬರೆಯಬಾರದೇನೋ. ಆದರೆ ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ನಿನಗಲ್ಲದೆ ಇನ್ನಾರಿಗೆ ಬರೆಯಲಿ? ನಿನ್ನೆ ನಿನ್ನ ವರ್ಷದ ದಿನ. ಡಬ್ಬಿ ತುಂಬ ಗ್ರೀನ್ ಟೀ ಬಿಸ್ಕೀಟು ಮಾಡಿಕೊಂಡು ಬೆಟಗೇರಿಯ ನಿಮ್ಮ ಮನೆಗೆ ಹೋಗಿದ್ದೆ.

ಮೊದಲ ಸಲ ಅವನ್ನು ಮಾಡಿದ್ದು ನೆನಪಿದೆಯಾ? ನಿನ್ನ ಅತ್ತೆ ಎಲ್ಲಿಂದಲೋ ಗ್ರೀನ್ ಟೀ ಪೊಟ್ಟಣ ತರಿಸಿದ್ದರು. ಬೆಳಿಗ್ಗೆ ಮನೆಮಂದಿಗೆಲ್ಲ ಕೆನೆಹಾಲಿನ ಚಹಾ, ನಿನಗೊಬ್ಬಳಿಗೆ ಆ ನೀರು. "ಮೈ ಕರಗತೈತಿ, ಕುಡಿ." ನೀನು ಅರ್ಧ ಪೊಟ್ಟಣ ಸೆರಗಿನಲ್ಲಿ ಮುಚ್ಚಿ ನನ್ನ ಮನೆಗೆ ತಂದೆ. "ಲೇ ವನಜಾ, ನೀ ಎಂ.ಎ. ಓದಿದಾಕಿ, ಕವಿತೆ ಬ್ಯಾರೆ ಓದ್ತಿ. ಈ ಹುಲ್ಲನ್ನ ಬಾಯಿಗೆ ಹತ್ತೂವಂಗ ಮಾಡಿಕೊಡು ನೋಡೂಣು!"

ನಾನು ಎಲೆಯನ್ನು ಮಿಕ್ಸಿಗೆ ಹಾಕಿ, ಅರಿವೆಯಲ್ಲಿ ಸೋಸಿ, ಬೆಣ್ಣೆ ಸಕ್ಕರೆಯೊಂದಿಗೆ ಮೈದಾಕ್ಕೆ ಕಲಸಿದೆ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿದೆ. ಪತ್ರಿಕೆಯ ಚಿತ್ರದಲ್ಲಿ ಕಂಡಿದ್ದ ಎಳೆ ಹಸಿರು ಎಲ್ಲಿಂದ ಬರಬೇಕು? ಕಂದಾಗಿ ಎದ್ದವು. ನಿನ್ನ ಹುಟ್ಟುಹಬ್ಬಕ್ಕೆ ಕಾಣಿಕೆಯೆಂದು ಕೊಟ್ಟ ಡಬ್ಬಿ ತೆರೆದು ನೀನು ಹೊಟ್ಟೆ ಹಿಡಿದು ನಕ್ಕೆ. "ಇವೇನ ಬಿಸ್ಕೀಟೋ ಸಗಣಿ ಕುಳ್ಳೋ? ಒಲಿಗೆ ಹಾಕ್ಲೇನು, ಬಾಯಿಗೆ ಹಾಕ್ಲೇನು?" ಹಾಗಂದವಳೇ ನನ್ನ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕುಳಿತು, ಕಣ್ಣು ಮುಚ್ಚಿ ಒಂದೊಂದನ್ನೇ ಚಪ್ಪರಿಸಿದೆ. ನೀನು ಕುಳಿತು ತಿಂದದ್ದನ್ನು ನಾನು ಕಂಡದ್ದು ನನ್ನ ಮನೆಯಲ್ಲಿ ಮಾತ್ರ.

ನೀನು ಹೋದ ಆ ಭಾನುವಾರ ಮಾಡಿದ ಫೋನು ಇನ್ನೂ ಕಿವಿಯಲ್ಲಿದೆ. ಲಕ್ಷ್ಮೇಶ್ವರದಿಂದ ಬೀಗರು ಬಂದಿದ್ದರು. "ಎಡಗೈ ಯಾಕೋ ಸೆಳಿಯಾಕ ಹತ್ತೇತಿ. ಅತ್ತಿ ಪಿತ್ತ ಅಂತಾರ, ಜೀರಿಗಿ ನೀರ ಕೊಟ್ಟಾರ." ಈಗಿಂದೀಗ ದವಾಖಾನೆಗೆ ಹೋಗು ಎಂದು ನಾನು ಚೀರಿದೆ. "ಪಂಕ್ತಿ ಮುಗೀಲಿ ಲೇ" ಅಂದೆ ನೀನು. ಪಂಕ್ತಿ ಮುಗಿಯಿತು. ಎಲ್ಲರೂ ಉಂಡರು. ಆಮೇಲೆ ನೀನು... ನಿನ್ನ ಮೇಲೂ ನನಗೆ ಸಿಟ್ಟಿದೆ ಸುಮಿತ್ರಾ. ಅಂಥಾ ಯಾವ ಪಂಕ್ತಿಯದು?

ಸಾವಿನ ಮನೆಗೆ ಮಾತಾಡಿಸಲು ಬಂದವರ ಮುಂದೆ ನಿನ್ನ ಅತ್ತೆ ಆಡಿದ್ದು ಒಂದೇ ಮಾತು: "ಬಾಯಿ ಕಟ್ಟಿದ್ದರ ಇನ್ನೂ ಇರತಿದ್ಲು. ತಿಂದ ತಿಂದ ಹೋದ್ಲು." ಬಂದವರೂ ಹೌದ್ಹೌದೆಂದು ತಲೆಯಾಡಿಸಿದರು. ಅವರು ಕೇಳಿ ಮರೆತರು; ನಿನ್ನ ಅತ್ತೆ ದಿನವೂ ಅದನ್ನೇ ಆಡಿದರು. ಮರೆಯದೆ ಉಳಿದವಳು ನಿನ್ನ ಮಗಳು. ಮೈಕಟ್ಟಿನಲ್ಲಿ ಥೇಟ್ ನೀನೇ ಆದ ಪಲ್ಲವಿ, ವರ್ಷವಿಡೀ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದಾಳೆ. ಕಾಲೇಜಿನಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದಳು. ಯಾಕೆ ಮಗಳೇ ಅಂದರೆ, "ನಾನೂ ಅವ್ವನಂಗ ಸಾಯಬೇಕೇನ ಮೌಶಿ?" ಎಂದಳು.

ನಿನ್ನೆ ನಿನ್ನ ಫೋಟೋದ ಮುಂದೆ ಎಡೆ ಹಾಕುವ ಹೊತ್ತು. ಎಲೆಯ ಮೇಲೆ ಹೋಳಿಗೆ, ಕಡಬು, ಎಣ್ಣೆಗಾಯಿ. ಎಲ್ಲವೂ ನಿನ್ನ ಗಂಡನ ಬಾಯಿಗೆ ಸೇರುವವು. ನಿನ್ನನ್ನು ವೈನಿ ಎಂದೇ ಕರೆಯುತ್ತಿದ್ದ ನಾದಿನಿ ಸಹಜವಾಗಿ ಕೇಳಿದಳು: "ವೈನಿಗೆ ಏನ ಸೇರತಿತ್ತು? ಅದನ್ನೂ ಒಂದೀಟು ಇಡೂಣು."

"ಹೋಳಿಗಿ ಭಾಳ ಛಲೋ ಮಾಡತಿದ್ಲು" ಅಂದ ನಿನ್ನ ಗಂಡ.

"ಮಾಡತಿದ್ರು, ಖರೆ. ಸೇರತಿದ್ದುದ ಏನು ಅಣ್ಣಾ?"

ಯಾರಿಗೂ ಗೊತ್ತಿಲ್ಲ! ಒಬ್ಬರ ಮುಖ ಒಬ್ಬರು ನೋಡಿದರು, ಕೊನೆಗೆ ನಿನ್ನ ಫೋಟೋ ನೋಡಿದರು, ಅದಾದರೂ ಹೇಳೀತೇನೋ ಎಂಬಂತೆ. ನಾನು ಡಬ್ಬಿ ಮುಂದಿಟ್ಟೆ.

"ಬ್ಯಾಡ್ರಿ ವನಜಾ ಬಾಯಾರ" ಎಂದರು ನಿನ್ನ ಅತ್ತೆ. "ಇವನ್ನ ತಿನಿಸಿ ತಿನಿಸಿ ಅಕಿನ್ನ ಕಳಿಸಿದ್ದು ಸಾಲಲಿಲ್ಲೇನು?"

ನನ್ನ ಮರ್ಯಾದೆಯೆಲ್ಲ ಅಲ್ಲಿಗೆ ಮುಗಿಯಿತು. "ತಿಂದ ಸತ್ಲು ಅಂತೀರಿ. ಹಂಗಾರ ಏನ ತಿಂದ್ಲು, ಹೇಳ್ರಿ! ಒಂದರ ಹೆಸರ ಹೇಳ್ರಿ ನೋಡೂಣು. ಅಕಿಗೆ ಸೇರೂದು ಏನಂತ ತಿಳೀದ ಮಂದಿಗೆ, ಅಕಿ ಹೆಚ್ಚ ತಿಂದದ್ದ ಹೆಂಗ ತಿಳೀತು?"

ಅಡುಗೆಮನೆಯ ಬಾಗಿಲಲ್ಲಿ ಪಲ್ಲವಿ ನಿಂತಿದ್ದಳು. "ಆಯಿ" ಎಂದಳು ಅಜ್ಜಿಗೆ, ಮೆಲ್ಲಗೆ. "ಆವತ್ತ ಅವ್ವ ಏನೂ ಉಂಡಿದ್ದಿಲ್ಲ. ಆಕಿ ತಾಟ ತೊಳ್ಯಾಕಂತ ನಾನ ತಗೊಂಡಿದ್ನಿ. ಸ್ವಚ್ಛ ಇತ್ತು." ಒಂದು ವರ್ಷ ಅದು ಅವಳಿಗೇ ತಿಳಿದಿತ್ತು, ಆದರೂ ಅವರ ಮಾತನ್ನೇ ನಂಬಿದ್ದಳು. ನೋಡು, ಒಂದೇ ಮಾತನ್ನು ದಿನವೂ ಆಡಿದರೆ ಏನಾಗುತ್ತದೆಂದು!

ಆಮೇಲೆ ಅವಳೇ ಡಬ್ಬಿ ತೆಗೆದುಕೊಂಡು ನಿನ್ನ ಎಲೆಗೆ ಬಿಸ್ಕೀಟು ಇಟ್ಟಳು. ಕೈ ಮುಗಿದು, ಅಲ್ಲೇ ನೆಲಕ್ಕೆ ಕುಳಿತು, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು. ನಾವೆಲ್ಲ ನೋಡುತ್ತ ನಿಂತೆವು. ಅಗಿದು, ನುಂಗಿ, ಇನ್ನೊಂದಕ್ಕೆ ಕೈ ಚಾಚುತ್ತ ನನ್ನತ್ತ ತಿರುಗಿದಳು:

"ಮೌಶಿ, ಸಕ್ಕರಿ ಕಡಿಮಿ ಆಗೇತಿ."

ಮುಂದಿನ ಸಲ ಹೆಚ್ಚಿಗೆ ಹಾಕುತ್ತೇನೆ ಮಗಳೇ ಅಂದೆ. ನಿನ್ನ ಅತ್ತೆಗೂ ಕೇಳಲಿ ಎಂದು ತುಸು ಜೋರಾಗಿಯೇ ಅಂದೆ.

ನಿನ್ನ
ವನಜಾ