ಖಡಕ್ ರೊಟ್ಟಿಯ ಸಾಕ್ಷಿ

ಕಡಗಂಚಿ, ತಾ. ಆಳಂದ
14-7-2025

ಪ್ರೀತಿಯ ಸುವರ್ಣಾ,

ನಿನ್ನ ಅತ್ತಿ ಸಾಬಮ್ಮ ಮಾಡೋ ಆಶೀರ್ವಾದ. ಕೈ ಹೆಂಗದ ಈಗ? ಮಣಿಕಟ್ಟು ಪೂರಾ ತಿರಗತದೋ, ಇಲ್ಲಾ ಮೋಡ ಕವಿದಾಗ ಇನ್ನಾ ನೋಯ್ತದೋ? ಡಾಕ್ಟರು ಹೇಳಿದಂಗ ಬೆಚ್ಚನ್ನ ನೀರಾಗ ಕೈ ಇಟ್ಟು ಬೆರಳ ಆಡಸು, ಮೈಗಳ್ಳತನ ಮಾಡಬ್ಯಾಡ. ನಿಮ್ಮಪ್ಪ ಭೀಮಶಾ ಅವರ ಮೊಣಕಾಲ ನೋವು ಕಡಿಮಿ ಆತೇನು? ನಿಮ್ಮೂರ ಸೊನ್ನದ ಬ್ಯಾರೇಜಿಗೆ ಹೊಸ ನೀರು ಬಂದದಂತ, ನೋಡಾಕ ಹೋಗಿದ್ದೇನು? ನಾ ಇಲ್ಲಿ ಗಟ್ಟಿಮುಟ್ಟ ಇದ್ದೇನಿ. ಇದನ್ನೆಲ್ಲಾ ಫೋನಿನ್ಯಾಗ ಕೇಳಬೌದಿತ್ತು, ಖರೆ. ಆದ್ರ ಫೋನ್ ಹಚ್ಚಿದ್ರ ನೀ ಅಳತಿ, ನಿನ್ನ ಕೇಳಿ ನಾನೂ ಅಳತೇನಿ, ಒಂದ ಮಾತೂ ಮುಗಿಯಂಗಿಲ್ಲ. ಏಳನೇತ್ತಾ ತನಕ ಕಲ್ತ ಅಕ್ಷರ ತುಕ್ಕು ಹಿಡಿಯೂದ್ರಾಗ ಬರದರಾತು ಅಂತ ಕುಂತೇನಿ.

ಮೊದಲ ಖುಷಿ ಸುದ್ದಿ. ನಿನ್ನ ಎಮ್ಮಿ ಈದದ. ಹೆಣ್ಣಗರ, ಹಣಿಮ್ಯಾಲ ಬಿಳಿ ಚುಕ್ಕಿ. ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದೆ, ಬಾಜೂ ಮನಿ ಮಿನಾಜ ಎರಡ ಸಲ ಬಟ್ಟಲ ತಂದಳು. ಅದು ಅಕಿ ಹಕ್ಕ. ಅವತ್ತ ನಾ ಹೊಲದಾಗಿದ್ದಾಗ ನೀ ಚೀರಿದ ದನಿ ಕೇಳಿ ಪೊಲೀಸರಿಗೆ ಫೋನ್ ಹಚ್ಚಿದಾಕಿ ಅಕೀನೇ ಅಲ್ಲೇನು. ಎಮ್ಮಿ ಮಾತ್ರ ನನ್ನ ಕೈಗೆ ಹಾಲು ಸೊರೆ ಬಿಡವಲ್ದು, ಹೊಳ್ಳಿ ಹೊಳ್ಳಿ ಬಾಗಲಾ ನೋಡತದ. ಅದಕ್ಕೂ ನಿನ್ನ ರೂಢಿ ಬಿದ್ದದ.

ಇನ್ನ ಸಿಟ್ಟಿನ ಸುದ್ದಿ. ಆಳಂದ ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮಣ್ಣ ಶಂಕರಲಿಂಗ ಭೆಟ್ಟಿ ಆಗಿದ್ದ. ನೀ ರಾಜಿ ಮಾಡ್ಕೊಂಡು ಗಂಡನ ಮ್ಯಾಲಿನ ಕೇಸ ಬಿಡಬೇಕಂತ ಮಾಡೀದಿ ಅಂದ. ಯಾಕಪಾ ಅಂದ್ರ, ‘ಅತ್ತಿಗಿ ಒಬ್ಬನೇ ಮಗ, ನನ್ನ ಸಲುವಾಗಿ ಮುಪ್ಪಿನ್ಯಾಗ ಒಬ್ಬಾಕಿ ಆದಳು’ ಅಂತ ಅಳತಿಯಂತ. ಕೈಯಾಗಿನ ಚೀಲ ಕೆಳಗ ಇಟ್ಟು ಅವಗ ಬೈದೆ ನೋಡು. ಪಾಪ, ಬೈಬೇಕಾದ್ದು ನಿನಗ. ನಾ ಎಲ್ಲಿ ಒಬ್ಬಾಕಿ ಇದ್ದೇನಿ? ಎಮ್ಮಿ ಅದ, ಕರ ಅದ, ಗ್ವಾಡಿ ಆಚಿಗೆ ಮಿನಾಜ ಅದಾಳ. ನಿನ್ನ ಗಂಡ ಧರ್ಮರಾಜ ಜೇವರ್ಗಿಯೊಳಗ ನನ್ನ ತಮ್ಮನ ಮನ್ಯಾಗ ಇದ್ದು ಟ್ರ್ಯಾಕ್ಟರ್ ಹೊಡ್ಯಾಕತ್ತಾನ. ಕೇಸ ಮುಗಿಯೂ ತನಕ ಊರಾಗ ಕಾಲಿಡಬ್ಯಾಡ ಅಂತ ಜಾಮೀನು ಕೊಡುವಾಗ ಕೋರ್ಟು ಹೇಳ್ಯದ. ಈ ಮನ್ಯಾಗ ಇರೂ ಹಕ್ಕು ನಿನಗದ ಅಂತ ಆದೇಶಾನೂ ಬಂದದ. ಬಂದು ಇರಾಕ ನಿನಗೇನ ಧಾಡಿ?

ಅಂವ ಹೊಡದ ದಿನ ನೀ ದವಾಖಾನಿ ಸೇರಿದಿ, ಮರುದಿನ ಮನ್ಯಾಗ ಏನೇನಾತು ನಿನಗ ಪೂರಾ ಗೊತ್ತಿಲ್ಲ. ಹೇಳ್ತೇನಿ, ಜರಾ ನಗು. ಪೊಲೀಸರು ಬರ್ತಾರಂದ್ರ ಮನಿ ಹೊಲಸ ಇಟ್ಟೇನೇನು ನಾನು? ನಸುಕಿನ್ಯಾಗ ಎದ್ದು ಕಸ ಹೊಡದೆ, ಒಡದ ಬಳಿ ಚೂರೆಲ್ಲಾ ಬಳದು ತಿಪ್ಪಿಗೆ ಚೆಲ್ಲಿದೆ, ಅಂಗಳಾ ಪಡಸಾಲಿ ಎಲ್ಲಾ ಸಾರಿಸಿ ರಂಗೋಲಿ ಹಾಕಿದೆ. ಎ.ಎಸ್.ಐ. ಖುರ್ಷಿದಬೇಗಂ ಮೇಡಂ ಬಂದು ಹೊಸ್ತಿಲದಾಗ ನಿಂತು ಹಣಿಗೆ ಕೈ ಹಚ್ಕೊಂಡ್ರು. ‘ಯವ್ವಾ, ಇದ್ದ ಸಾಕ್ಷಿ ಎಲ್ಲಾ ಸಾರಿಸಿಬಿಟ್ಟೀರಲ್ರಿ’ ಅಂದ್ರು. ಆಮ್ಯಾಲ ಪೇದಿ ತಿಪ್ಪಿಯೊಳಗ ಬಳಿ ಚೂರು ಹುಡಕಾಕ ಹತ್ತಿದ, ನಮ್ಮ ಕೋಳಿಗಳು ಹುಳಾ ಸಿಗ್ತಾವಂತ ಅವನ ಬೆನ್ನ ಹತ್ತಿದ್ವು. ಅಂಥ ದಿನದಾಗೂ ನನಗ ನಗಿ ಬಂತು ನೋಡು.

ಧರ್ಮನ್ನ ಹೊರಗ ಕಟ್ಟಿಮ್ಯಾಲ ಕೂಡಿಸಿದ್ರು. ‘ನಿನ್ನೆ ಬಚ್ಚಲದಾಗ ಜಾರಿ ಬಿದ್ದು ಕೈ ಮುರಕೊಂಡಾಳ’ ಅಂತ ಅಂವ ಗಿಳಿಪಾಠ ಒಪ್ಪಸಾಕತ್ತಿದ್ದ. ಮೇಡಂ ಅವನ ಕಿವಿಗೆ ಬೀಳದಂಗ ಮಿನಾಜನ್ನ ಬ್ಯಾರೆ ಕೇಳಿದ್ರು, ನನ್ನ ಒಳಗ ಕರದು ಬ್ಯಾರೆ ಕೇಳಿದ್ರು. ನಾ ತಿಳದಂಗ ‘ಹೊಡದನೇನು’ ಅಂತ ಶುರು ಮಾಡಲಿಲ್ಲ. ಸೊಸಿ ಫೋನು ಯಾರ ಕಿಸೇದಾಗ ಇರ್ತಿತ್ರಿ, ಸಂತಿಗೆ ಒಬ್ಬಾಕೀನೇ ಹೋಗ್ತಿದ್ದಳೇನ್ರಿ, ಪಂಚಮಿಗೆ ತವರಿಗೆ ಕಡೀಕ ಯಾವಾಗ ಹೋಗಿದ್ದಳ್ರಿ ಅಂತ ಕೇಳಿದ್ರು. ನಾ ಬೆರಳ ಮಡಚಿ ವರ್ಷ ಎಣಿಸಿದೆ. ಮದುವಿ ಆದಾಗಿಂದ ಒಂದ ಪಂಚಮಿಗೂ ನಿನ್ನ ಕಳಿಸಿಲ್ಲ ಅಂವ. ಪ್ರತಿ ವರ್ಷ ಒಂದೊಂದು ನೆವ. ‘ಹೊಡ್ತ ಆಮ್ಯಾಲ ಬರ್ತದ್ರಿ, ಬಾಗಲಾ ಮೊದಲ ಮುಚ್ಚತದ’ ಅಂದ್ರು ಮೇಡಂ. ಆ ಮಾತು ನಾ ಇನ್ನಾ ಮರತಿಲ್ಲ.

ಮಧ್ಯಾಹ್ನ ಆತು. ಹಸದು ಬಂದವರನ್ನ ಹಂಗ ಕಳಿಸೂ ಮನಿ ಅಲ್ಲ ನಮ್ದು. ಬುಟ್ಟಿಯೊಳಗಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟೆ. ನನ್ನ ಬಾಯಿ ಸುಮ್ಮ ಇರ್ತದೇನು? ‘ತಪ್ಪ ತಿಳಕೋಬ್ಯಾಡ್ರಿ, ನಮ್ಮ ಸೊಸಿ ರೊಟ್ಟಿ ಹಾಳಿಯಂಗ ತೆಳ್ಳಗ ಇರ್ತಾವ, ಎಳ್ಳಮಾಸಿ ಹಬ್ಬ ಆದಮ್ಯಾಲ ಈ ಒಂದ ತಿಂಗಳಿನ್ವು ಮಾತ್ರ ಹೀಂಗ ದಪ್ಪ, ಅಂಚು ಸೀಳ್ಯಾವ, ಒಂದ ಕೈಲೇ ಬಡದಂಗ’ ಅಂದೆ. ಮೇಡಂ ಅಗಿಯೂದು ನಿಲ್ಲಿಸಿದ್ರು. ‘ಕೈ ನಿನ್ನೆ ಮುರದಿದ್ರ ತಿಂಗಳಿಂದ ಒಂದ ಕೈಲೇ ಯಾಕ ಬಡದಾಳ್ರಿ?’ ಅಂದ್ರು. ಕೊಡ ಎತ್ತುವಾಗ ಕೈ ಉಳುಕೇದ ಅತ್ತಿ ಅಂತ ನೀ ನನಗ ಹೇಳಿದ್ದು ನೆನಪಾತು. ಅದನ್ನೂ ಹೇಳಿ, ಬುಟ್ಟಿ ಎಳದು ಮೇಡಂ ಮುಂದ ಇಟ್ಟೆನವ್ವಾ.

ಬುಟ್ಟಿ ಪೂರಾ ತಗಸಿದ್ರು. ತಳದಾಗ ಹಬ್ಬಕ್ಕ ಮೊದಲಿನ ದುಂಡನ ರೊಟ್ಟಿ, ಮ್ಯಾಲ ಹಬ್ಬ ಆದಮ್ಯಾಲಿನ ದಪ್ಪಾನ್ವು. ಫೋಟೋ ತಗದು, ಎರಡೂ ಥರದ್ದು ಚೀಲದಾಗ ಹಾಕಿ, ದಾರ ಸುತ್ತಿ ಅರಗಿನ ಮುದ್ರಿ ಒತ್ತಿದ್ರು. ಪಂಚನಾಮೆಗೆ ಸಹಿ ಮಾಡಾಕ ಬಂದ ಕಲ್ಯಾಣಪ್ಪ ಸಾವುಕಾರ್ರು, ‘ರೊಟ್ಟಿಗಿ ಮುದ್ರಿ ಹಾಕಿದ್ದು ನನ್ನ ಜೀವಮಾನದಾಗ ಇದೇ ಮೊದಲು’ ಅಂದ್ರು. ಎಕ್ಸ್‌ರೇ ನೋಡಿದ ಡಾಕ್ಟರೂ ಎಲಬು ತಿಂಗಳ ಹಿಂದೇ ಮುರದದ, ಈಗ ಅದರ ಮ್ಯಾಲ ಮತ್ತ ಪೆಟ್ಟ ಬಿದ್ದದ ಅಂತ ಬರದುಕೊಟ್ರಂತ. ಬಚ್ಚಲದ ಕತಿ ಅಲ್ಲಿಗೆ ಮುಗೀತು. ಇಷ್ಟ ಮಂದಿ ನಿನ್ನ ಸಲುವಾಗಿ ತಿಪ್ಪಿ ಕೆದರ್ಯಾರ, ರೊಟ್ಟಿ ಎಣಿಸ್ಯಾರ, ನೀ ರಾಜಿ ಅಂತಿ.

ಈಗ ನನ್ನ ಮಾತು ಕೇಳು. ನನಗ ಹೆಣ್ಣಮಕ್ಕಳಿಲ್ಲ, ನಮ್ಮ ಮನಿ ಮುಂದಿನ ಬೇವಿನ ಗಿಡಕ್ಕ ಇಷ್ಟ ವರ್ಷ ಜೋಕಾಲಿ ಹಗ್ಗ ಬಿದ್ದಿದ್ದಿಲ್ಲ. ನಿನ್ನೆ ಹಾಕಿಸೇನಿ. ಗಟ್ಟಿ ಅದ ಇಲ್ಲೋ ಅಂತ ಮೊದಲ ನಾನೇ ಕುಂತು ಜೀಕಿದೆ, ಮಿನಾಜ ನಕ್ಕು ನಕ್ಕು ಕೆಳಗ ಕುಂತಳು. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟತೇನಿ. ಎಲ್ಲಾರೂ ಪಂಚಮಿಗೆ ಗಂಡನ ಮನಿಂದ ತವರಿಗೆ ಹೋಗ್ತಾರ, ನೀ ಸೊನ್ನದಿಂದ ಇಲ್ಲಿಗೆ ಬಾ. ಊರ ಮಂದಿ ನಕ್ಕರ ನಗಲಿ, ಅವರಿಗೂ ಉಂಡಿ ಕೊಡೂಣು.

ಭೀಮಶಾ ಬೀಗರಿಗೆ ಶರಣು ಹೇಳು, ಶಂಕರಲಿಂಗಗ ನಾ ಬೈದದ್ದು ಮನಸಿನ್ಯಾಗ ಇಟ್ಕೋಬ್ಯಾಡ ಅನ್ನು. ನಿನ್ನ ಬಾಳು ಹಾಲು ಉಕ್ಕಿದಂಗ ಉಕ್ಕಲಿ.

ನಿನ್ನ ಅತ್ತಿ, ಈ ಪಂಚಮಿಯಿಂದ ಅವ್ವ,
ಸಾಬಮ್ಮ

ತಾ.ಕ.: ಮಿನಾಜ ಕಾಗದ ಪೋಸ್ಟಿಗೆ ಹಾಕಾಕ ಬಾಗಲದಾಗ ನಿಂತಾಳ, ಗಡಿಬಿಡಿಯೊಳಗ ಮುಖ್ಯ ಮಾತೇ ಬಿಟ್ಟಿದ್ದೆ. ಸಾಕ್ಷಿ ಹೇಳಾಕ ನನಗೂ ಸಮನ್ಸ್ ಬಂದದ, ಪಂಚಮಿ ಆದ ಮರುವಾರ. ಜೇವರ್ಗಿಯಿಂದ ನನ್ನ ತಮ್ಮ ಬಂದಿದ್ದ, ‘ಆ ದಪ್ಪ ರೊಟ್ಟಿ ನಾನೇ ಬಡದದ್ದು’ ಅಂತ ಕೋರ್ಟಿನ್ಯಾಗ ಹೇಳು, ಮಗ ಉಳೀತಾನ ಅಂದ. ಹಿಟ್ಟು ಪರಾತ ಕೋರ್ಟಿಗೇ ತರ್ತೇನಿ, ನನ್ನ ರೊಟ್ಟಿ ಹೆಂಗಿರ್ತಾವ ಜಡ್ಜ್ ಸಾಹೇಬ್ರೇ ನೋಡಲಿ ಅಂತ ಹೇಳಿ ಚಾ ಕುಡಿಸಿ ಕಳಿಸಿದೆ. ಹೇಳೂದೇನೋ ಹೇಳಿದೆ. ಆದ್ರ ಸುವರ್ಣಾ, ಹೆತ್ತಾಕಿ ನಾನು. ಅಲ್ಲಿ ಅವನ ಮುಖ ಕಂಡ್ರ ಖರೆ ಹೇಳಾಕ ನನ್ನ ನಾಲಿಗಿ ಹೊಳ್ಳತದೋ ಇಲ್ಲೋ. ನಿನ್ನ ಸಾಕ್ಷಿ ಮೊದಲ, ಆಮ್ಯಾಲ ನಂದು. ನೀ ಹೇಳಿ ಮುಗಿಸಿ ಹೊರಗ ಹೋಗಬ್ಯಾಡ, ನನ್ನ ಎದರಿಗೆ ಕುಂದರು. ನಿನ್ನ ಕೈ ನೋಡಕೋತ ಹೇಳ್ತೇನಿ.