ಪೂಜೆಗೆ ಕೂರುವ ಮುಂಚೆ

ಮಧುಗಿರಿ, ಮಾರ್ಗಶಿರ, ೧೯೩೯

ಜಗದಾಂಬ,

ನಾನು ನಿನ್ನ ಅತ್ತೆ ಚನ್ನಮಲ್ಲಮ್ಮ. ಈ ಮನೆಗೂ ಕಡಲೆಕಾಯಿ ಮಂಡಿಗೂ ಯಜಮಾನಿ, ಮೈಸೂರಿನಲ್ಲಿ ಹೈಸ್ಕೂಲಿನವರೆಗೆ ಓದಿದವಳು. ನೀನು ತೀರಿಕೊಂಡು ಮೂರು ವರ್ಷವಾದ ಮೇಲೆ ನಿನಗೆ ಕಾಗದ ಬರೆಯುವಷ್ಟು ತಲೆ ಕೆಟ್ಟಿದೆ.

ನನ್ನ ಲಿಂಗಪೂಜೆ ಮುಗಿದು ನಾನು ಉಣ್ಣುವವರೆಗೆ ಮನೆಯವರಾಗಲಿ, ಅಂಗಳದಲ್ಲಿ ಕಾಯಿ ಸುಲಿಯುವ ಹೆಂಗಸರಾಗಲಿ ತುತ್ತೆತ್ತಬಾರದೆಂಬುದು ನಾನೇ ಮಾಡಿದ ಕಟ್ಟಳೆ. ನಿನ್ನೆ ಹನ್ನೊಂದು ಗಂಟೆಗೆ ಪೂಜೆಯಿಂದ ಎದ್ದು ಬಂದರೆ, ಏಳು ತಿಂಗಳ ಬಸುರಿ, ನನ್ನ ಕಿರಿಸೊಸೆ ಇಂದ್ರಮ್ಮ, ಮೂಟೆಗಳ ಹಿಂದೆ ಕೂತು ಹಸಿ ಕಡಲೆಬೀಜ ತಿನ್ನುತ್ತಿದ್ದಳು. ನನ್ನನ್ನು ಕಂಡವಳೇ ಸೆರಗಿನಲ್ಲಿ ಬಚ್ಚಿಟ್ಟಳು.

“ಕದ್ದು ತಿನ್ನುವ ಮನೆಯಿಂದ ಬಂದೆಯೇನೇ?” ಎಂದೆ.

ಕಾಯಿ ಸುಲಿಯುತ್ತಿದ್ದ ಹೊನ್ನಕ್ಕ ತಲೆಯೆತ್ತದೆ ಅಂದಳು: “ಬೈಬ್ಯಾಡಿ ಅಮ್ಮಾರೆ. ನಿಮ್ ಸಿವ ಒಂದೊತ್ತು ತಡೀತಾನೆ, ಹೊಟ್ಟೇಲಿರೋ ಕೂಸು ತಡೀತದಾ? ದೊಡ್ಡ ಸೊಸೆ ಜಗದಾಂಬಮ್ಮಾರೂ ಇಂಗೇ ಮೂಟೆ ಹಿಂದ್ಗಡೆ ಕುಂತು ತಿಂತಿದ್ರು.”

ಉಳಿದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು.

ಅಂಗಳಕ್ಕೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ನೀನಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ನಿನ್ನ ಮೇಲೆ ಸಿಟ್ಟು ಬಂತು. ಹೇಳಿದ್ದರೆ ನಾನು ಏನನ್ನುತ್ತಿದ್ದೆ? ಇಂದ್ರಮ್ಮನಿಗೆ ಅಂದದ್ದನ್ನೇ. ನೀನು ಹೆರಿಗೆಯಲ್ಲಿ ತೀರಿಕೊಂಡ ದಿನ ಡಾಕ್ಟರು ನಿನ್ನ ಕಣ್ಣರೆಪ್ಪೆ ಎಳೆದು ನೋಡಿ “ರಕ್ತವೇ ಇಲ್ಲವಲ್ಲ” ಎಂದಾಗ, ನಿನ್ನ ತವರಿನವರು ಸರಿಯಾಗಿ ಸಾಕಿಲ್ಲವೆಂದು ಊರಿಗೆಲ್ಲ ಹೇಳಿದವಳು ನಾನು.

ಇಂದು ಬೆಳಿಗ್ಗೆ ಪೂಜೆಗೆ ಕೂರುವ ಮುಂಚೆ ಅಂಗಳದವರಿಗೆ ರೊಟ್ಟಿ ಕೊಡಿಸಿದೆ. ಇಂದ್ರಮ್ಮನಿಗೆ ನಾನೇ ಬಡಿಸಿ, ಅವಳು ಕೈ ತೊಳೆಯುವವರೆಗೆ ಎದುರಿಗೇ ಕೂತಿದ್ದೆ. ಆಮೇಲೆ, ತಪ್ಪು ನಿಮ್ಮ ಮನೆಯದಲ್ಲವೆಂದು ಹೊಸಕೋಟೆಯ ನಿನ್ನ ತಾಯಿಗೆ ಕಾಗದ ಬರೆದು, ನಾನೇ ಹೋಗಿ ಟಪಾಲಿಗೆ ಹಾಕಿ ಬಂದೆ.